ನಡತೆಯ ಕಾಲಂ

ವರ್ಗಾವಣೆ ಪತ್ರದಲ್ಲಿ ‘ನಡತೆ’ ಎಂಬ ಕಾಲಂ ಒಂದಿದೆ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳಲ್ಲಿ ಯಾರ ಮನೆಯ ಟ್ರಂಕಿನಿಂದಲಾದರೂ ಒಂದು ಹಳೆಯ ಟಿ.ಸಿ. ತೆಗೆದು ನೋಡಿ, ಆ ಕಾಲಮ್ಮಿನಲ್ಲಿ ‘ಉತ್ತಮ’ ಅಂತಲೋ ‘ತೃಪ್ತಿಕರ’ ಅಂತಲೋ ಬರೆದಿರುತ್ತದೆ. ಅಷ್ಟೆಲ್ಲ ಉತ್ತಮರೂ ತೃಪ್ತಿಕರರೂ ಸೇರಿ ಈಗ ಕಡೂರು ಬಸ್ ಸ್ಟ್ಯಾಂಡಿನಲ್ಲಿ, ಬಸ್ಸು ಇನ್ನೂ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದಾರೆ. ಇದನ್ನು ಕಂಡವರು ಆ ಕಾಲಮ್ಮನ್ನು ಮೇಷ್ಟರುಗಳ ಸೋಮಾರಿತನಕ್ಕೆ ಸಾಕ್ಷಿ ಎನ್ನುತ್ತಾರೆ. ನನ್ನ ವಾದ ಬೇರೆ. ಈ ಸಾರಾಸಗಟು ‘ಉತ್ತಮ’ವೇ ನಮ್ಮ ಶಾಲೆಗಳು ಇದುವರೆಗೆ ಮಾಡಿರುವ ಅತ್ಯಂತ ಸರಿಯಾದ ಮೌಲ್ಯಮಾಪನ, ಮಕ್ಕಳ ನಡತೆಗೆ ಇದಕ್ಕಿಂತ ನಾಜೂಕಾದ ಶ್ರೇಣಿ ಕೊಡಲು ಹೊರಟರೆ ಅದು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲೇ ಇರಬೇಕು, ಸಂಜೆಯೊಳಗೆ ಅಳಿಸಿಹೋಗಬೇಕು. ಇಂಥದ್ದನ್ನು ಗಂಭೀರವಾಗಿ ಸಾಧಿಸಲು ಹೊರಟವನಿಗೆ ಕೊಂಚ ನಾಚಿಕೆಯಾಗಬೇಕು. ಆಗುತ್ತಿದೆ. ಆದರೆ ಅಂಕಪಟ್ಟಿಗಳನ್ನು ಹಿಂದುಮುಂದಾಗಿ ಓದುವ ಚಪಲ ಇರುವವರಿಗೆ ಇಂಥ ನಾಚಿಕೆಯಲ್ಲಿ ಒಂದು ಸುಖವೂ ಇದೆ.

ಲೆಕ್ಕದಿಂದ ಶುರುಮಾಡೋಣ. ನಮ್ಮ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ. ಮೊದಲಿನವಕ್ಕೆ ತಲಾ 15, ಎರಡನೆಯವಕ್ಕೆ ತಲಾ 20, ಕೂಡಿದರೆ 100. 90 ದಾಟಿದರೆ ಎ ಪ್ಲಸ್, 30ಕ್ಕಿಂತ ಕೆಳಗೆ ಸಿ. ಆರನೇ ಕ್ಲಾಸಿನಲ್ಲಿ ಮೂವತ್ತು ಮಕ್ಕಳಿದ್ದು, ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ಎಂದು ಆರು ವಿಷಯ ಹಿಡಿದರೆ ಒಂದು ವರ್ಷಕ್ಕೆ 1,080 ನಮೂದುಗಳು. ಇದು ‘ಭಾಗ ಎ’ ಮಾತ್ರ. ಇದನ್ನು ರಿಜಿಸ್ಟರಿನಲ್ಲಿ ಬರೆದು, ಮತ್ತೆ ಸ್ಯಾಟ್ಸ್ ತಂತ್ರಾಂಶಕ್ಕೆ ಏರಿಸಬೇಕು. ಏರಿಸುವ ಕೊನೆಯ ದಿನವೇ ಸರ್ವರ್ ಕೈಕೊಡುತ್ತದೆ. ಚಾರ್ಟು, ಥರ್ಮಾಕೋಲಿನ ಮಾದರಿ ಇತ್ಯಾದಿ ಚಟುವಟಿಕೆಗಳಲ್ಲಿ ಮೌಲ್ಯಮಾಪನಕ್ಕೆ ಒಳಗಾಗುವುದು ಮಗುವೋ, ಅದರ ಅಕ್ಕನೋ, ಸ್ಟೇಷನರಿ ಅಂಗಡಿಯವನೋ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತುವುದಿಲ್ಲ. ಇಷ್ಟೆಲ್ಲ ಮುಗಿದ ಮೇಲೆ ‘ಭಾಗ ಬಿ’ ಬರುತ್ತದೆ. ಅದರಲ್ಲಿ ಮಗುವಿನ ಮನೋಭಾವ, ಮೌಲ್ಯಗಳು.

ಮನೋಭಾವ ಅಳೆಯಲು ಕೂತವರ ಫಜೀತಿ ನೋಡಿ. ಗಣಿತದ ಕಿರುಪರೀಕ್ಷೆಯಲ್ಲಿ ಒಬ್ಬ ಹುಡುಗ ತನ್ನ ಉತ್ತರಪತ್ರಿಕೆಯನ್ನು ಸ್ವಲ್ಪ ಓರೆಮಾಡಿ ಪಕ್ಕದವನಿಗೆ ಕಾಣುವಂತೆ ಇಟ್ಟ ಎನ್ನಿ. ‘ಭಾಗ ಎ’ಯ ಪ್ರಕಾರ ಇದು ನಕಲಿಗೆ ಕುಮ್ಮಕ್ಕು. ‘ಭಾಗ ಬಿ’ಯ ಪ್ರಕಾರ ಇದು ಸಹಪಾಠಿಗಳೊಂದಿಗೆ ಸಹಕಾರ, ಅದೂ ಪ್ರತಿಫಲಾಪೇಕ್ಷೆಯಿಲ್ಲದ ಸಹಕಾರ. ‘ಸಾರ್, ನಿನ್ನೆ ನೀವೇ ಬೇರೆ ಥರ ಹೇಳಿಕೊಟ್ಟಿದ್ರಲ್ಲ?’ ಎಂದು ಎದ್ದು ಕೇಳಿದ ಹುಡುಗಿಗೆ ಪ್ರಶ್ನಿಸುವ ಮನೋಭಾವಕ್ಕೆ ‘ಎ’ ಕೊಡಬೇಕು, ಹಿರಿಯರಿಗೆ ಗೌರವದಲ್ಲಿ ‘ಸಿ’ ಕೊಡಬೇಕು, ನಿನ್ನೆಯ ಪಾಠ ನೆನಪಿಟ್ಟುಕೊಂಡಿದ್ದಕ್ಕೆ ಗಣಿತದಲ್ಲಿ ಎರಡು ಅಂಕ ಜಾಸ್ತಿ ಹಾಕಬೇಕು. ಒಂದೇ ವಾಕ್ಯಕ್ಕೆ ಮೂರು ತೀರ್ಪು. ಒಂದೇ ಕೊಠಡಿಯಲ್ಲಿ ಎರಡು ತರಗತಿ ಕೂರಿಸಿಕೊಂಡ ಮೇಷ್ಟ್ರು ಎಲ್ಲರಿಗೂ ‘ಎ’ ಬರೆದು ಮುಗಿಸಿದರೆ ಅವರು ಕೆಲಸ ತಪ್ಪಿಸಿಕೊಂಡರು ಎನ್ನಲಾರೆ. ಆ ಸನ್ನಿವೇಶದಲ್ಲಿ ಪ್ರಾಮಾಣಿಕನಾದವನು ಬರೆಯಬಹುದಾದದ್ದು ಅದೊಂದೇ.

ಹಾಗೆಂದು ನಡತೆಯನ್ನು ನಿಖರವಾಗಿ ಅಳೆಯಬಲ್ಲವರು ನಮ್ಮ ಶಾಲೆಗಳಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಕ್ಲಾಸ್ ಲೀಡರ್ ಇದ್ದಾಳೆ. ಮೇಷ್ಟ್ರು ಬಿಸಿಯೂಟದ ಲೆಕ್ಕ ಬರೆಯಲು ಆಫೀಸ್ ರೂಮಿಗೆ ಹೋದರೋ ಇಲ್ಲವೋ, ಅವಳು ಎದ್ದು ಕರಿಹಲಗೆಯ ಮೂಲೆಯಲ್ಲಿ ‘ಮಾತಾಡಿದವರು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾಳೆ. ಇಲಾಖೆ ಕೈಪಿಡಿ ಮುದ್ರಿಸಿ, ತರಬೇತಿ ಕೊಟ್ಟು ಸಾಧಿಸಲು ಹೊರಟದ್ದೆಲ್ಲ ಈ ಎರಡು ಗೆರೆಯ ಕೆಳಗೆ ತಾನಾಗಿ ನಡೆಯುತ್ತದೆ. ನಿರಂತರವೇ? ಒಂದು ಕ್ಷಣವೂ ಬಿಡುವಿಲ್ಲ. ವ್ಯಾಪಕವೇ? ಮುಂದಿನ ಸಾಲಿನಿಂದ ಕಿಟಕಿಯ ಪಕ್ಕದ ಕೊನೆಯ ಸಾಲಿನವರೆಗೆ ಎಲ್ಲರೂ ಅದರ ವ್ಯಾಪ್ತಿಯೊಳಗೆ, ಲೀಡರಿನ ಜೀವದ ಗೆಳತಿಯೊಬ್ಬಳನ್ನು ಬಿಟ್ಟು. ಮಾನದಂಡಗಳು ಸ್ಪಷ್ಟವೇ? ಪಿಸುಗುಟ್ಟಿದರೆ ಹೆಸರು, ಹೆಸರು ಬಿದ್ದ ಮೇಲೂ ಮಾತಾಡಿದರೆ ಒಂದು ಇಂಟು, ಇಂಟು ಬಿತ್ತೆಂದು ನಕ್ಕರೆ ಇನ್ನೊಂದು. ಅತ್ಯಂತ ಸೂಕ್ಷ್ಮವಾದ ಘಟ್ಟ ಇದಾದ ಮೇಲೆ ಬರುತ್ತದೆ. ‘ನಾನೆಲ್ಲಿ ಮಾತಾಡ್ದೆ ಕಣೇ?’ ಎಂದು ಆರೋಪಿ ಕೇಳುತ್ತಾನೆ. ಹಾಗೆ ಕೇಳುವುದೇ ಮಾತಾಡಿದ ಹಾಗೆ, ಆದ್ದರಿಂದ ಮೂರನೆಯ ಇಂಟು. ಆರೋಪವನ್ನು ಅಲ್ಲಗಳೆದರೆ ಆರೋಪ ಸಾಬೀತಾಗುವ, ಸುಮ್ಮನಿದ್ದರೆ ಒಪ್ಪಿಕೊಂಡಂತಾಗುವ ಇಂಥ ಬಿಗಿಯಾದ ಕಾನೂನನ್ನು ಯಾವ ಶಾಸನಸಭೆಯೂ ಇನ್ನೂ ರಚಿಸಿಲ್ಲ. ಪಾರದರ್ಶಕತೆಯ ಮಾತಂತೂ ಬೇಡವೇ ಬೇಡ: ಫಲಿತಾಂಶ ಸೀಮೆಸುಣ್ಣದಲ್ಲಿ, ದಪ್ಪ ಅಕ್ಷರದಲ್ಲಿ, ಆ ಕ್ಷಣವೇ ಪ್ರಕಟ. ಪರಿಹಾರ ಬೋಧನೆಯೂ ಉಂಟು, ಬಾಯಿಯ ಮೇಲೆ ಬೆರಳಿಟ್ಟು ಐದು ನಿಮಿಷ ಕೂತರೆ ಒಂದು ಇಂಟು ಅಳಿಯುತ್ತದೆ. ಮರುಮೌಲ್ಯಮಾಪನಕ್ಕೆ ಶುಲ್ಕವಿದೆ, ಕಚ್ಚಿ ಉಳಿಸಿದ ಅರ್ಧ ನೆಲ್ಲಿಕಾಯಿಯೋ, ನಾಳೆ ಕೊಡುವೆನೆಂದ ಹಸಿರು ಸ್ಕೆಚ್ ಪೆನ್ನೋ. ಇದರಲ್ಲಿ ಭ್ರಷ್ಟಾಚಾರವಿದೆ ಎಂದು ಹಟಹಿಡಿದರೆ ಇದೆ ಎನ್ನುತ್ತೇನೆ. ಆದರೆ ದರ ಎಲ್ಲರಿಗೂ ಗೊತ್ತಿರುತ್ತದೆ. ಕೊನೆಗೆ ಮೇಷ್ಟ್ರು ಬರುತ್ತಾರೆ. ಪಟ್ಟಿ ನೋಡಿ ಒಮ್ಮೆ ‘ಹ್ಞೂಂ’ ಎನ್ನುತ್ತಾರೆ. ಭಿನ್ನರಾಶಿಯ ಲೆಕ್ಕಕ್ಕೆ ಜಾಗ ಸಾಲುವುದಿಲ್ಲ, ಡಸ್ಟರ್ ತೆಗೆದುಕೊಂಡು ಒರೆಸಿಬಿಡುತ್ತಾರೆ. ಇಡೀ ಪದ್ಧತಿಯ ಹೆಚ್ಚುಗಾರಿಕೆ ಇರುವುದು ಆ ಡಸ್ಟರಿನಲ್ಲಿ. ನಾಲ್ಕು ಇಂಟು ಬಿದ್ದವನು ಮೂರು ಗಂಟೆಗೆ ಮತ್ತೆ ನಿರಪರಾಧಿ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು, ಹೀಗಾದರೆ ಶಿಸ್ತು ಎಲ್ಲಿ ಉಳಿಯಿತು ಎಂಬುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣ ಬೆತ್ತವನ್ನು ನಿಷೇಧಿಸಿತು, ನೀವು ಶ್ರೇಣಿಯನ್ನೂ ಕಿತ್ತುಕೊಂಡರೆ ಮೇಷ್ಟ್ರ ಕೈಯಲ್ಲಿ ಏನು ಉಳಿಯಿತು ಎನ್ನುತ್ತಾರೆ. ಬೆತ್ತವೂ ಇದ್ದ, ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆಯೂ ಇದ್ದ ಕಾಲದಲ್ಲಿ ಕಲಿತು ಬಂದವರೇ ಆ ಟವೆಲ್ ಎಸೆಯುವವರು. ಅದರ ಫಲವನ್ನು ಕಣ್ಣಾರೆ ಕಂಡಾಯಿತು. ಎರಡನೆಯದು, ಕೀಟಲೆ ಮಾಡುವವನಿಗೂ ‘ಎ’ ಕೊಟ್ಟರೆ ಒಳ್ಳೆಯ ಹುಡುಗರಿಗೆ ಅನ್ಯಾಯವಲ್ಲವೇ ಎಂಬುದು. ಅಜ್ಜಂಪುರದವರು ಈ ಪ್ರಶ್ನೆ ಕೇಳಬಾರದು. ಅವರ ಊರಲ್ಲೇ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ದೊರೆಗಳ ಫಿರಂಗಿ ಎಳೆದ ಈ ದನಗಳು ಸಿಟ್ಟಿಗೂ ಹಟಕ್ಕೂ ಹೆಸರಾದವು, ಹರಾಜಿನ ದಿನ ಹೋರಿಕರು ಹಿಡಿಯುವುದೇ ಒಂದು ಸಾಹಸ. ಆದರೂ ದೂರದೂರದ ರೈತರು ದುಡ್ಡು ಕಟ್ಟಿಕೊಂಡು ಬರುವುದು ಆ ಕೆಚ್ಚಿಗಾಗಿಯೇ. ನಡತೆಯಲ್ಲಿ ‘ಸಿ’ ಎಂದು ಯಾವ ಕರುವನ್ನೂ ಯಾರೂ ಬಿಟ್ಟುಹೋದ ಉದಾಹರಣೆಯಿಲ್ಲ. ಮೂರನೆಯ ಆಕ್ಷೇಪ ನಿಜಕ್ಕೂ ಗಟ್ಟಿಯಾದದ್ದು: ಅಳೆಯದೆ ಇದ್ದದ್ದನ್ನು ಶಾಲೆ ಕಲಿಸುವುದೂ ಇಲ್ಲ, ಪರೀಕ್ಷೆಗೆ ಬಾರದ ಪಾಠ ಬಿಟ್ಟುಹೋಗುವ ಹಾಗೆ ಮೌಲ್ಯಗಳೂ ಬಿಟ್ಟುಹೋಗುತ್ತವೆ. ಒಪ್ಪಬೇಕಾದ ಮಾತು. ಆದರೆ ಅಳೆಯುವವನು ಅಳೆಯುತ್ತಿರುವುದು ಮಗುವನ್ನೇ ಎಂಬ ಖಾತ್ರಿ ಬೇಕಲ್ಲ.

ಆ ಖಾತ್ರಿ ಇಲ್ಲಿಲ್ಲ. ಅಜ್ಜಂಪುರ, ಶಿವನಿ ಕಡೆ ಈರುಳ್ಳಿ ಕೀಳುವ ಹೊತ್ತಿಗೆ, ತರೀಕೆರೆಯ ತೋಟಗಳಲ್ಲಿ ಅಡಿಕೆ ಕೊಯ್ದು ರಾತ್ರಿಯೆಲ್ಲ ಸುಲಿಯುವ ಹೊತ್ತಿಗೆ, ಆರು ಏಳನೇ ಕ್ಲಾಸಿನ ಕೆಲವು ಬೆಂಚುಗಳು ಖಾಲಿಯಾಗುತ್ತವೆ. ಅಪ್ಪ ಅಮ್ಮ ಕೂಲಿಗೆ ಹೋದಾಗ ಚಿಕ್ಕ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವವಳು ಹನ್ನೆರಡು ವರ್ಷದ ಹುಡುಗಿ. ಶಾಲೆಗೆ ಬಂದ ದಿನವೂ ತೂಕಡಿಸುತ್ತಾಳೆ, ಹೋಂವರ್ಕ್ ತಂದಿರುವುದಿಲ್ಲ. ಕ್ರಮಬದ್ಧತೆ: ಸಿ. ಸಮಯಪಾಲನೆ: ಸಿ. ಜವಾಬ್ದಾರಿ: ಸಿ. ಇಡೀ ಕ್ಲಾಸಿನಲ್ಲಿ ಒಂದು ಮನೆಯ ಜವಾಬ್ದಾರಿ ಹೊತ್ತವಳು ಅವಳೊಬ್ಬಳೇ ಆಗಿರಬಹುದು. ಈ ‘ಸಿ’ ಒರೆಸಲು ಡಸ್ಟರಿಲ್ಲ. ಅದು ಕಂಪ್ಯೂಟರಿನಲ್ಲಿ ಅವಳ ಸಂಖ್ಯೆಯ ಪಕ್ಕದಲ್ಲಿ ಕೂತಿರುತ್ತದೆ.

ಇನ್ನು ಮಕ್ಕಳ ನಡತೆಗೆ ಶ್ರೇಣಿ ಕೊಡುವ ದೊಡ್ಡವರ ವಿಷಯ. 2024ರಲ್ಲಿ ಐದು, ಎಂಟು, ಒಂಬತ್ತನೇ ಕ್ಲಾಸಿಗೆ ರಾಜ್ಯಮಟ್ಟದ ಪರೀಕ್ಷೆ ಎಂದಿತು ಇಲಾಖೆ. ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದುಮಾಡಿತು. ಮರುದಿನವೇ ವಿಭಾಗೀಯ ಪೀಠ ಆ ರದ್ದಿಗೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರುವಾಯಿತು, 12ಕ್ಕೆ ಸುಪ್ರೀಂ ಕೋರ್ಟ್ ತಡೆಯಿತು, 22ಕ್ಕೆ ಹೈಕೋರ್ಟ್ ಮತ್ತೆ ಅನುಮತಿ ಕೊಟ್ಟಿತು, 25ರಿಂದ ಉಳಿದ ವಿಷಯಗಳು ನಡೆದವು, ಏಪ್ರಿಲ್ 8ಕ್ಕೆ ಫಲಿತಾಂಶಕ್ಕೇ ತಡೆ ಬಿತ್ತು. ಹತ್ತು ವರ್ಷದ ಮಕ್ಕಳು ಇಷ್ಟೂ ದಿನ ಓದಿದ್ದನ್ನೇ ಮತ್ತೆ ಓದುತ್ತ, ಪರೀಕ್ಷೆ ಇದೆ ಎಂದ ದಿನ ಬಂದು, ಇಲ್ಲ ಎಂದ ದಿನ ವಾಪಸ್ ಹೋಗಿ, ಯಾರನ್ನೂ ಏನನ್ನೂ ಕೇಳಲಿಲ್ಲ. ‘ಕೈಗೊಂಡ ಕೆಲಸವನ್ನು ಯೋಜಿಸಿ ಸಕಾಲದಲ್ಲಿ ಮುಗಿಸುತ್ತಾರೆ’ ಎಂಬ ಸೂಚಕದಡಿ ಆ ತಿಂಗಳು ಯಾರಿಗೆ ಯಾವ ಶ್ರೇಣಿ ಕೊಡಬೇಕಿತ್ತು ಎಂಬುದನ್ನು ಓದುಗರಿಗೇ ಬಿಡುತ್ತೇನೆ. ಆ ಕಾಲಂ ದೊಡ್ಡವರಿಗೆ ಇಲ್ಲದಿರುವುದು ದೊಡ್ಡವರ ಪುಣ್ಯ.

ಆದ್ದರಿಂದ ಮೂರೂ ತಾಲ್ಲೂಕಿನ ಮೇಷ್ಟರಲ್ಲೂ ಮೇಡಮ್ಮಂದಿರಲ್ಲೂ ನನ್ನದೊಂದು ವಿನಂತಿ. ಗಣಿತದಲ್ಲಿ ಕೊಡಬೇಕಾದ ‘ಸಿ’ಯನ್ನು ಧಾರಾಳವಾಗಿ ಕೊಡಿ, ಭಾಗಾಕಾರ ಬರದಿದ್ದರೆ ಬರದು, ಅದನ್ನು ಕಲಿಸಿ ಬರಿಸಬಹುದು. ‘ಭಾಗ ಬಿ’ಯಲ್ಲಿ ಮಾತ್ರ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ‘ಎ’ ಹಾಕಿ. ಎಲ್ಲರಿಗೂ ಹೇಗೆ ಒಂದೇ ಬಂತು ಎಂದು ಬಿ.ಇ.ಓ. ಆಫೀಸಿನಿಂದ ಬಂದವರು ಕೇಳಿದರೆ, ಅವರ ಟಿ.ಸಿ.ಯಲ್ಲಿ ನಡತೆಯ ಕಾಲಮ್ಮಿನಲ್ಲಿ ಏನಿದೆ ಎಂದು ವಿನಯದಿಂದ ವಿಚಾರಿಸಿ.