ತಂತಿಯವನು ಕುಡಿದರೆ ಮೂರು ತಿಂಗಳು

ಕಾಯ್ದೆ ಪುಸ್ತಕ ಓದಿ ನಕ್ಕವರು ಉಂಟೇ? ಉಂಟು ಎನ್ನುವುದಾದರೆ ಅವರ ಕೈಯಲ್ಲಿ ಇದ್ದದ್ದು 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯೇ ಇರಬೇಕು. ಅದರ 28ನೇ ಕಲಮನ್ನು ಸ್ವಲ್ಪ ನೋಡಿ. ತಂತಿ ಕಚೇರಿಯ ನೌಕರ ಕುಡಿದೋ ಮೈಮರೆತೋ ಸಂದೇಶಕ್ಕೆ ಅಡ್ಡಿ ಮಾಡಿದರೆ, ಇಲ್ಲವೇ ತಲುಪಿಸಬೇಕಾದ್ದನ್ನು ತಲುಪಿಸದೆ ಅಡ್ಡಾಡಿಕೊಂಡು ಹೊತ್ತು ಕಳೆದರೆ, 3 ತಿಂಗಳವರೆಗೆ ಜೈಲು, ಅಥವಾ 100 ರೂಪಾಯಿವರೆಗೆ ದಂಡ, ಅಥವಾ ಎರಡೂ. ಎಂಥ ಕಾಳಜಿ ನೋಡಿ ಬ್ರಿಟಿಷರದು! ಇವತ್ತು ಬ್ಯಾಂಕಿನ ಓಟಿಪಿ, ಪುಟ ಮುಚ್ಚಿಹೋದ ಮೇಲೆ ಟಣ್ ಎಂದು ಬಂದು ಬೀಳುತ್ತದಲ್ಲ, ಅದಕ್ಕೆ ಯಾರನ್ನು ಒಳಗೆ ಹಾಕೋಣ? ಟವರಂತೂ ಕುಡಿಯುವುದಿಲ್ಲ.

ಕಾಯ್ದೆಯ ಕಣ್ಣು ತನ್ನ ನೌಕರರ ಮೇಲೆ ಮಾತ್ರ ಇತ್ತೆಂದು ತಿಳಿಯಬೇಡಿ. ಪಕ್ಕದ ಮನೆಯವರ ತಂತಿ ನಿಮ್ಮ ಕೈಗೆ ಬಂತು, ನೀವು ಬೇಕೆಂದೇ ಅದನ್ನು ಬಚ್ಚಿಟ್ಟುಕೊಂಡಿರಿ ಅಂತಿಟ್ಟುಕೊಳ್ಳಿ. 30ನೇ ಕಲಂ ಪ್ರಕಾರ 2 ವರ್ಷದವರೆಗೆ ಜೈಲು. ಸಿಗ್ನಲ್ ಕೋಣೆಗೆ ಅಪ್ಪಣೆಯಿಲ್ಲದೆ ನುಗ್ಗಿದರೆ ದಂಡ. ಯಾರದೋ ಸಂದೇಶದಲ್ಲಿ ಏನಿದೆ ಎಂದು ತಿಳಿಯುವ ಆಸೆಗೆ ನುಗ್ಗಿದರೆ ಅದರ ಮೇಲೆ 1 ವರ್ಷದವರೆಗೆ ಜೈಲು. ಹಳ್ಳಿಯಲ್ಲಿ ಇದಕ್ಕೆಲ್ಲ ನುಗ್ಗುವ ಶ್ರಮವೇ ಬೇಕಿರಲಿಲ್ಲ. ತಂತಿ ಬಂತು ಎಂದರೆ ಸಾಕು, ಒಡೆದು ಓದುವ ಮೊದಲೇ ಅಳು ಶುರು. ಇಂಗ್ಲಿಷ್ ಬಲ್ಲ ಮೇಷ್ಟ್ರನ್ನು ಕರೆತರಲು ಒಬ್ಬ ಓಡುವ ಹೊತ್ತಿಗೆ ಅರ್ಧ ಊರು ಜಗಲಿಯ ಮೇಲೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯಟ್ಲಿ’ ಎಂದು ಓದಿ, ಅರ್ಥ ಬಿಡಿಸಿ ಹೇಳುವವರೆಗೆ ಯಾರೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಗೌಪ್ಯತೆ ದೂರದ ಮಾತು.

ಆಮೇಲೆ ಬಂತು 1933ರ ವೈರ್‌ಲೆಸ್ ಕಾಯ್ದೆ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ರೇಡಿಯೊ ಇಟ್ಟುಕೊಂಡರೂ ಅಪರಾಧ! ಮೊದಲ ಸಲ 100 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 250ರವರೆಗೆ ದಂಡ. ಅಂಚೆ ಕಚೇರಿಯಲ್ಲಿ ಸಾಲಾಗಿ ನಿಂತು ಲೈಸೆನ್ಸ್ ಪುಸ್ತಕ ನವೀಕರಿಸಿಕೊಂಡು ಬಂದ ಹಿರಿಯರನ್ನು ಕೇಳಿ, ಕಥೆ ಕಥೆಯಾಗಿ ಹೇಳುತ್ತಾರೆ. ವಾರ್ತೆ, ಯಕ್ಷಗಾನ, ಕೃಷಿರಂಗ ಎಲ್ಲವನ್ನೂ ಕಾನೂನುಬದ್ಧವಾಗಿ ಕೇಳಿದ ತಲೆಮಾರು ಅದು.

2013ರ ಜುಲೈನಲ್ಲಿ ತಂತಿ ಸೇವೆ ಕಣ್ಣು ಮುಚ್ಚಿತು. 1885ರ ಕಾಯ್ದೆ ಮಾತ್ರ ಗಟ್ಟಿ ಪಿಂಡ, ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಉಸಿರಾಡಿತು. ಕೊನೆಗೆ 2023ರ ಡಿಸೆಂಬರಿನಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಹುಟ್ಟಿತು. ಅದರ ಅಪರಾಧದ ಕಲಮುಗಳು 2024ರ ಜೂನ್ 26ಕ್ಕೆ ಜಾರಿಗೆ ಬಂದವು. ಸೊನ್ನೆಗಳ ವೈಭವ ನೋಡಬೇಕಾದ್ದು ಇಲ್ಲಿ. ಪರವಾನಗಿಯಿಲ್ಲದ ತಂತಿ ಎಂದು ಗೊತ್ತಿದ್ದೂ ಅದರಲ್ಲಿ ಸಂದೇಶ ಕಳಿಸಿದವನಿಗೆ ಹಳೆಯ ಕಾಯ್ದೆ ಹೇಳಿದ್ದು ಹೆಚ್ಚೆಂದರೆ 50 ರೂಪಾಯಿ ದಂಡ. ಅಂಥದೇ ಕಳ್ಳ ಸೇವೆ ಬಳಸುವ ಗಿರಾಕಿಗೆ ಹೊಸ ಕಾಯ್ದೆ ಬರೆದಿಟ್ಟಿರುವುದು 10 ಲಕ್ಷದವರೆಗೆ! ಕಳ್ಳ ಸೇವೆ ನಡೆಸುವವನಿಗೆ 3 ವರ್ಷದವರೆಗೆ ಜೈಲು, 2 ಕೋಟಿವರೆಗೆ ದಂಡ, ಅಥವಾ ಎರಡೂ. ಬೇರೆಯವರ ಹೆಸರು ಹೇಳಿ ಸಿಮ್ ಪಡೆದರೆ, ಅನುಮತಿಯಿಲ್ಲದೆ ಜಾಮರ್ ಇಟ್ಟುಕೊಂಡರೆ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ, ಅಥವಾ ಎರಡೂ. ಷರತ್ತು ಮುರಿದ ಕಂಪನಿಗೆ? ತೀರಾ ಗಂಭೀರ ಎನಿಸಿದರೆ 5 ಕೋಟಿವರೆಗೆ ದಂಡ, ಗಂಭೀರವಲ್ಲದಿದ್ದರೆ ಒಂದು ಲಿಖಿತ ಎಚ್ಚರಿಕೆ. ಮೇಷ್ಟ್ರು ಕಿವಿ ಹಿಂಡದೆ ಬಿಟ್ಟ ಹಾಗೆ.

ಇದಕ್ಕೆಲ್ಲ ವಿಧಾನಸೌಧವನ್ನು ಬೈದು ಪ್ರಯೋಜನವಿಲ್ಲ. ಅಂಚೆ, ತಂತಿ, ಫೋನು, ವೈರ್‌ಲೆಸ್ ಎಲ್ಲ ಸಂವಿಧಾನದ ಕೇಂದ್ರ ಪಟ್ಟಿಯ 31ನೇ ಬಾಬತ್ತು. ಕಾನೂನು ದಿಲ್ಲಿಯದು, ಬಾಗಿಲು ತಟ್ಟುವವರು ನಮ್ಮ ಪೊಲೀಸರು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಹಾಗೆ ತಟ್ಟಿದಾಗ ಸಿಕ್ಕಿದ್ದು 32 ಸಿಮ್ ಬಾಕ್ಸ್, ಒಟ್ಟಿಗೆ 960 ಸಿಮ್ ಓಡಿಸುವಷ್ಟು. ವಿದೇಶದ ಕರೆ ಇಂಟರ್ನೆಟ್ಟಿನಲ್ಲಿ ಬಂದು ಈ ಪೆಟ್ಟಿಗೆಯೊಳಗೆ ಇಳಿಯುತ್ತದೆ, ಆಚೆ ಹೋಗುವಾಗ ಅಪ್ಪಟ ಲೋಕಲ್ ನಂಬರ್ ತೊಟ್ಟುಕೊಂಡಿರುತ್ತದೆ. ದುಬೈನಿಂದ ಮಾತಾಡುವವನು ದಾಸರಹಳ್ಳಿಯವನಂತೆ ಕಾಣುತ್ತಾನೆ. ಕಂಪನಿಗೂ ಸರ್ಕಾರಕ್ಕೂ ಬರಬೇಕಾದ ಹಣ ಹೋಯಿತು, ಕರೆದವನು ಯಾರೆಂಬ ಸುಳಿವೂ ಹೋಯಿತು.

960 ಅವರ ಪಾಡಿಗಿರಲಿ, ನಮಗೆ ನಿಮಗೆ ಕಾಯ್ದೆಯಲ್ಲಿ ತಾಗುವುದು 9. ಒಬ್ಬರ ಹೆಸರಿನಲ್ಲಿ ಇರಬಹುದಾದ ಸಿಮ್ ಅಷ್ಟೇ. ಜಮ್ಮು ಕಾಶ್ಮೀರ, ಅಸ್ಸಾಂ, ಈಶಾನ್ಯದಲ್ಲಿ 6. ಮೀರಿದರೆ ದಂಡ ಮೊದಲ ಸಲಕ್ಕೆ 50,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 2 ಲಕ್ಷದವರೆಗೆ ಎಂದು ಕಾಯ್ದೆಯ ಮೂರನೇ ಅನುಸೂಚಿ ಹೇಳುತ್ತದೆ. ಇದನ್ನು ಭಾವನಿಗೆ ಓದಿ ಹೇಳಿದೆ.

“ನನ್ನ ಹತ್ರ ಇರೋದು ಒಂದೇ ಕಣಯ್ಯಾ,” ಎಂದರು ಎದೆ ಸೆಟೆಸಿ.

ಅಕ್ಕ ಒಳಗಿನಿಂದಲೇ ಎಣಿಸತೊಡಗಿದಳು. ಅವಳದು, ಅತ್ತೆಯದು, ಹಾಸ್ಟೆಲಿನಲ್ಲಿರುವ ಮಗಳದು, ಗೇಟಿನ ಕ್ಯಾಮೆರಾದ್ದು. ತೋಟದ ಬೋರ್‌ವೆಲ್ ಸ್ಟಾರ್ಟರಿನದು ಬೇರೆ. ಫೋನ್ ಮಾಡಿದರೆ ಮೋಟರ್ ಶುರುವಾಗುವ ಏರ್ಪಾಡು ಅದು. ಬಹುಪಾಲು ‘ಕರೆಂಟ್ ಇಲ್ಲ’ ಎಂದು ಒಂದು ಹೆಣ್ಣು ದನಿ ತಿಳಿಸುತ್ತದೆ. ಇವಿಷ್ಟೂ ಭಾವನ ಆಧಾರ್ ಮೇಲೆ. ದೇವರ ಮನೆಯ ಕುಂಕುಮದ ಡಬ್ಬಿಯಿಂದ ಇನ್ನೂ ನಾಲ್ಕು ಹೊರಬಂದವು, ಮೂಲೆ ಕತ್ತರಿಸಿದ ಹಳೇ ಸೈಜಿನವು. ರಸ್ತೆ ಬದಿ ಕೊಡೆ ನೆಟ್ಟುಕೊಂಡು ಸಿಮ್ ಬಿಟ್ಟಿ ಕೊಡುತ್ತಿದ್ದ ಹುಡುಗನ ಕೃಪೆ. ಅವತ್ತು ಕೊಟ್ಟ ಜೆರಾಕ್ಸ್ ಪ್ರತಿಯಿಂದ ಆ ಹುಡುಗ ಇನ್ನೆಷ್ಟು ಸಿಮ್ ಹುಟ್ಟಿಸಿದನೋ, ಸರ್ಕಾರದ ಸಂಚಾರ್ ಸಾಥಿ ಜಾಲತಾಣ ತೆರೆದು ನೋಡಬೇಕು. ನಿಮ್ಮ ಹೆಸರಿನ ನಂಬರುಗಳನ್ನೆಲ್ಲ ಅದು ತೋರಿಸುತ್ತದೆ.

ಭಾವನ ಮುಖ ಸಣ್ಣಗಾಯಿತು. “ಕಂಬಿ ಎಣಿಸಬೇಕೇನಯ್ಯಾ?”

“ಇದಕ್ಕೆ ಕಂಬಿ ಇಲ್ಲ ಭಾವ, ನೋಟು ಎಣಿಸಬೇಕು.”

“ಹಾಗಾದ್ರೆ ಯಾವುದು ತೆಗೆಯೋದು? ಮೋಟರಿಂದು ತೆಗೆಯೋ ಹಾಗಿಲ್ಲ, ಅಡಿಕೆ ಒಣಗುತ್ತೆ.”

“ರೀ, ನಿಮ್ಮದನ್ನೇ ತೆಗೆಸಿ,” ಎಂದಳು ಅಕ್ಕ. “ಹೇಗೂ ಲೋನ್ ಬೇಕಾ ಅಂತ ಕೇಳೋರು ಬಿಟ್ರೆ ಅದಕ್ಕೆ ಇನ್ಯಾರು ಮಾಡ್ತಾರೆ?”