ಸೀರಿಯಲ್ ಸೆಟ್ಟು

ನಮ್ಮ ಮನೆಯ 32 ಇಂಚಿನ ಟೀವಿ ಒಂದು ಮಂಗಳವಾರ ಸಂಜೆ ಕುರುಡಾಯಿತು. ಬಾಯಿ ಮಾತ್ರ ಗಟ್ಟಿಯಾಗಿತ್ತು. ಕಪ್ಪು ಪರದೆಯ ಹಿಂದೆ ಯಾವಳೋ ಅತ್ತೆ ಯಾವಳೋ ಸೊಸೆಯ ಹಾಲಿಗೆ ವಿಷ ಬೆರೆಸುವ ಸಂಚು ಮಾಡುತ್ತಿದ್ದಳು, ಜತೆಗೆ ಗುಡುಗು. ಸೊಪ್ಪು ಬಿಡಿಸುತ್ತ ಕೂತಿದ್ದ ಅಮ್ಮ ತಲೆ ಕೂಡ ಎತ್ತಲಿಲ್ಲ.

“ಅಮ್ಮಾ, ಚಿತ್ರ ಹೋಯ್ತು.”

“ಹೋಗ್ಲಿ ಬಿಡೋ. ಅವಳ ಮುಖ ಯಾರಿಗೆ ಬೇಕು? ಮಾತು ಕೇಳಿಸ್ತಿದೆಯಲ್ಲ.”

ಹೀಗೆ ಮನೆಯಲ್ಲಿ ಯಾರೂ ದೂರು ಕೊಡದ ಕೇಸನ್ನು ನಾನೇ ಮೈಮೇಲೆ ಎಳೆದುಕೊಂಡೆ.

ನನ್ನ ಧೈರ್ಯಕ್ಕೆ ಚರಿತ್ರೆಯ ಬೆಂಬಲವಿತ್ತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಮರುವರ್ಷ ಏಷ್ಯಾಡ್ ಹೊತ್ತಿಗೆ ದೇಶಕ್ಕೆ ಬಣ್ಣ ಬಂತು, ನಮ್ಮ ಮನೆಗೆ ಕಪ್ಪುಬಿಳುಪು ಬಂತು. ಚಿತ್ರ ಕುಣಿದರೆ ಅಪ್ಪ ಅದರ ತಲೆಯ ಮೇಲೆ ಒಂದು ಬಾರಿಸುತ್ತಿದ್ದರು, ಸರಿಹೋಗುತ್ತಿತ್ತು. ಒಳಗೆ ಬೆಸುಗೆ ಬಿಟ್ಟ ಜಾಗ ಆ ಏಟಿಗೆ ಮತ್ತೆ ಕೂಡಿಕೊಳ್ಳುತ್ತಿತ್ತಂತೆ. ನಾನು ಮಾತ್ರ ಬಹಳ ದಿನ ಅದು ಅಪ್ಪನ ಮೇಲಿನ ಭಯ ಅಂದುಕೊಂಡಿದ್ದೆ, ಯಾಕೆಂದರೆ ಅದೇ ಚಿಕಿತ್ಸೆಗೆ ನಾನೂ ಸರಿಹೋಗುತ್ತಿದ್ದೆ. ಈಗಿನ ಟೀವಿಗೆ ಬಾರಿಸೋಣವೆಂದರೆ ತಲೆಯೇ ಇಲ್ಲ. ಕೈ ಎತ್ತಿದವನು ಹಾಗೇ ಇಳಿಸಿ ರಿಪೇರಿಯವನಿಗೆ ಫೋನ್ ಮಾಡಿದೆ. ಅವನು 2,500 ಕೇಳಿದ. ನಾನು ಬಿ.ಕಾಂ. ಓದಿದವನು, ಫೋನ್ ಇಟ್ಟೆ.

ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. “ಮಾಮ, ರೂಮ್ ಕತ್ತಲೆ ಮಾಡಿ, ಟೀವಿ ಹಾಕಿ, ಪರದೆಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಮಸುಕಾಗಿ ಚಿತ್ರ ಕಂಡರೆ ಪ್ಯಾನೆಲ್ ಸರಿಯಿದೆ, ಹಿಂದಿನ ಬ್ಯಾಕ್‌ಲೈಟ್ ಹೋಗಿದೆ ಅಂತ ಅರ್ಥ” ಅಂದ. ರಾತ್ರಿ ಹನ್ನೊಂದಕ್ಕೆ ದೀಪವಾರಿಸಿ, ಪರದೆಗೆ ಮೂಗು ಹಚ್ಚಿ ಹುಡುಕಿದೆ. ಕಂಡಳು! ಬಾವಿಯ ತಳದಲ್ಲಿ ಬಿದ್ದ ಬೊಂಬೆಯ ಹಾಗೆ, ನಗುತ್ತಿದ್ದ ಒಬ್ಬ ಹೆಂಗಸು. ಅಷ್ಟರಲ್ಲಿ ಹಿಂದಿನಿಂದ ನನ್ನ ಹೆಂಡತಿ, “ರೀ, ಕತ್ತಲೆಯಲ್ಲಿ ಟಾರ್ಚ್ ಹಿಡ್ಕೊಂಡು ಯಾರನ್ನ ನೋಡ್ತಿದ್ದೀರಿ?” ಅಂದಳು. ಬ್ಯಾಕ್‌ಲೈಟ್ ಪರೀಕ್ಷೆ ಅಂದೆ. ಮದುವೆಯಾಗಿ 22 ವರ್ಷವಾಗಿದೆ, ಇಷ್ಟು ಸತ್ಯವಾದ ಮಾತನ್ನು ಅವಳು ಇಷ್ಟು ಕಡಿಮೆ ನಂಬಿದ್ದು ಅದೇ ಮೊದಲು.

ಭಾನುವಾರ ಆಪರೇಷನ್. ಪ್ಲಗ್ ಕಿತ್ತು, ಮಂಚದ ಮೇಲೆ ಕಂಬಳಿ ಹಾಸಿ, ಟೀವಿಯನ್ನು ಬೋರಲು ಮಲಗಿಸಿದೆ. ಪ್ಲಗ್ ಕಿತ್ತರೂ ಪವರ್ ಬೋರ್ಡಿನ ದಪ್ಪ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಕೂತಿರಬಹುದು, ಮುಟ್ಟಬೇಡಿ ಅಂತ ಹುಡುಗ ಎಚ್ಚರಿಸಿದ್ದ. ಹಾಗಾಗಿ ಆ ಮೂಲೆಯನ್ನು ದೇವರಕೋಣೆಯಷ್ಟೇ ಮಡಿಯಿಂದ ಕಂಡೆ. ಆಮೇಲೆ ಟೀವಿಯನ್ನು ಅಂಗಾತ ತಿರುಗಿಸಿದರೆ ಪ್ಯಾನೆಲ್. ಗಾಜಿನ ಹಪ್ಪಳ ಅದು. ಅಂಚಿಗೆ ಅಂಟಿದ ತೆಳು ರಿಬ್ಬನ್ನುಗಳು ಒಂದಿಷ್ಟು ಎಳೆದರೂ ಹರಿಯುತ್ತವೆ, ಹರಿದರೆ ಪರದೆ ತುಂಬ ಪಟ್ಟಾಪಟ್ಟಿ ಗೆರೆ. ಆ ಕಡೆ ನಾನು, ಈ ಕಡೆ ಹೆಂಡತಿ, ಉಸಿರು ಬಿಗಿಹಿಡಿದು ಎತ್ತಿ ಪಕ್ಕಕ್ಕಿಟ್ಟೆವು. ಸಪ್ತಪದಿಯಲ್ಲೂ ನಾವು ಅಷ್ಟು ಜತೆಯಾಗಿ ಹೆಜ್ಜೆ ಹಾಕಿರಲಿಲ್ಲ.

ಕೆಳಗೆ ಮೂರು ತೆಳು ಹಾಳೆ, ಅದರಡಿ ಹಾಲುಬಣ್ಣದ ಒಂದು ದಪ್ಪ ಹಾಳೆ. ಅದನ್ನೂ ತೆಗೆದರೆ, ನಾನು ಇಷ್ಟು ವರ್ಷ ಮಹಾ ತಂತ್ರಜ್ಞಾನವೆಂದು ನಂಬಿದ್ದರ ನಿಜರೂಪ: ಮೂರು ಪಟ್ಟಿ, ಪಟ್ಟಿಗೆ ಆರರಂತೆ 18 ಪುಟ್ಟ ದೀಪ, ಪ್ರತಿ ದೀಪದ ಮೇಲೆ ಪಾರದರ್ಶಕ ಗುಂಡಿಯಂಥ ಒಂದು ಲೆನ್ಸು. ಎಲ್ಲವೂ ಒಂದೇ ಸಾಲಿನಲ್ಲಿ ಕೈಕೈ ಹಿಡಿದು ನಿಂತಿವೆ. ಒಂದು ಕೈಬಿಟ್ಟರೆ ಹದಿನೆಂಟೂ ಕತ್ತಲು. ಗಣೇಶನ ಪೆಂಡಾಲಿಗೆ ನಾವು ಹುಡುಗರು ಎಳೆಯುತ್ತಿದ್ದ ಸೀರಿಯಲ್ ಸೆಟ್ಟು! ಅಮ್ಮನ ಸೀರಿಯಲ್ಲಿನ ದೀಪವಾರಿಸಿದ್ದು ಒಂದು ಸೀರಿಯಲ್ ಸೆಟ್ಟು. ಎರಡನೇ ಪಟ್ಟಿಯ ನಾಲ್ಕನೇ ದೀಪದ ಹಳದಿ ಮೈಮೇಲೆ ಸಾಸಿವೆಯಷ್ಟು ಕರಿಚುಕ್ಕೆ. ಹೊಸದಾಗಿ ಕೊಂಡ ಮೀಟರಿಟ್ಟು ನೋಡಿದೆ, ಸುಟ್ಟಿದ್ದು ಅದೊಂದೇ.

ಹೊಸ ಪಟ್ಟಿ ಕೊಳ್ಳಲು ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವನು “ಮಾಡೆಲ್ ನಂಬರ್ ಸಾರ್?” ಅಂದ. “ಮೂವತ್ತೆರಡು ಇಂಚು” ಅಂದೆ. “ಅದು ಸೈಜು ಸಾರ್. ಗಂಡು ಯಾರು ಅಂದ್ರೆ ಐದೂವರೆ ಅಡಿ ಅಂದಂಗಾಯ್ತು.” ಹಿಂದೆ ನಿಂತಿದ್ದ ಹುಡುಗರು ನಕ್ಕರು. ಮರ್ಯಾದೆ ಉಳಿಸಿಕೊಳ್ಳಲು ಕೈಗೆ ಸಿಕ್ಕ ಮೂರು ಪಟ್ಟಿ ಕೊಂಡು ತಂದೆ. ಒಂದು ಗೇಣು ಉದ್ದವಾದವು. ಮರುದಿನ ಹಳೆಯ ಪಟ್ಟಿಯನ್ನೇ ಬಗಲಲ್ಲಿಟ್ಟುಕೊಂಡು ಹೋದೆ. ಅವನು ಉದ್ದ ಅಳೆದ, ದೀಪ ಎಣಿಸಿದ, ಮೂರು ವೋಲ್ಟಿನದೋ ಆರು ವೋಲ್ಟಿನದೋ ಮೀಟರಿಟ್ಟು ನೋಡಿದ. ಸರಿಹೊಂದುವ ಪಟ್ಟಿ ಕೊಡುತ್ತ, “ಬ್ಯಾಕ್‌ಲೈಟ್ ಎಷ್ಟಕ್ಕಿಟ್ಟಿದ್ರಿ ಸಾರ್?” ಅಂದ.

“ನೂರಕ್ಕೆ ನೂರು” ಅಂದೆ. ಕೊಟ್ಟ ದುಡ್ಡಿಗೆ ಪೂರಾ ಬೆಳಕು ಬರಲಿ ಅಂತ ಮೊದಲ ದಿನವೇ ಏರಿಸಿದವನು ನಾನು.

“ಅದೇ. ಕಾದು ಕಾದು ಸತ್ತಿದೆ. ಅರವತ್ತಕ್ಕಿಡಿ.”

ಅಂದರೆ ಕೊಲೆಗಾರನೇ ಇಷ್ಟು ದಿನ ತನಿಖೆ ನಡೆಸುತ್ತಿದ್ದ.

ಹೊಸ ಪಟ್ಟಿ ಅಂಟಿಸಿದೆ. ಹಾಳೆಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅಂತ ನಾನು ಗುರುತು ಮಾಡಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಮ್ಮ, “ಹೊಳಪಿಂದು ಮೇಲಿತ್ತು ಕಣೋ. ಸೀರೆ ಮಡಿಸಿಟ್ಟಿದ್ದನ್ನ ನೋಡಿದಂಗೆ ನೋಡಿದೀನಿ” ಅಂತ ನಾಲ್ಕನ್ನೂ ಸರದಿಯಲ್ಲಿ ಹೇಳಿದಳು. ಪ್ಯಾನೆಲ್ ಕೂರಿಸಿ, ತಿರುಪು ಬಿಗಿದು, ಗೋಡೆಗೆ ಏರಿಸಿ, ಸ್ವಿಚ್ ಒತ್ತಿದೆ.

ಬೆಳಕು! ಬಣ್ಣ! ಆಮೇಲೆ ಎಡಗಡೆ ಮೇಲ್ಮೂಲೆಯಲ್ಲಿ, ದುಂಡಗೆ, ಬೆಳ್ಳಗೆ, ಒಂದು ಹುಣ್ಣಿಮೆ ಚಂದ್ರ.

ಚಾನೆಲ್ ಬದಲಿಸಿದೆ. ವಾರ್ತೆಯಲ್ಲೂ ಚಂದ್ರ. ನಡುಮಧ್ಯಾಹ್ನದ ಕ್ರಿಕೆಟ್ಟಿನಲ್ಲೂ ಚಂದ್ರ. ಫೋಟೊ ನೋಡಿದ ಅಕ್ಕನ ಮಗ, “ಒಂದು ಲೆನ್ಸ್ ಉದುರಿದೆ ಮಾಮ. ಬೆಳಕು ಹರಡೋದು ಅದರಿಂದಲೇ. ಅದಿಲ್ಲದಿದ್ದರೆ ಒಂದೇ ಕಡೆ ಹೊಡೆಯುತ್ತೆ” ಅಂದ.

“ಗುಂಡಿ ಥರದ್ದಾ?” ಅಂತ ಅಮ್ಮ ಒಳಗೆ ಹೋಗಿ ಹೊಲಿಗೆ ಡಬ್ಬಿ ತಂದಳು. ಕಸ ಗುಡಿಸುವಾಗ ಮಂಚದಡಿ ಸಿಕ್ಕಿತಂತೆ. ನನ್ನ ಅಂಗಿಯದಿರಬೇಕು ಅಂತ ಎತ್ತಿಟ್ಟಿದ್ದಳು. ಎರಡು ರಂಧ್ರ ಇಲ್ಲವಲ್ಲ, ಹೇಗೆ ಹೊಲಿಯೋದು ಅಂತ ಯೋಚಿಸುತ್ತಿದ್ದಳಂತೆ.

ರಾತ್ರಿ ಲೆಕ್ಕ ಬರೆದೆ. ತಪ್ಪು ಪಟ್ಟಿ 450, ಸರಿ ಪಟ್ಟಿ 500, ಮೀಟರು 400, ಸ್ಕ್ರೂಡ್ರೈವರ್ ಸೆಟ್ಟು 350, ಆಟೊ ಎರಡು ಸಲ ಹೋಗಿಬಂದದ್ದು 800, ತಗಡಿನ ಅಂಚು ತಾಗಿ ಕುಯ್ದ ಬೆರಳಿಗೆ ಮುಲಾಮು 85. ಒಟ್ಟು 2,585. ರಿಪೇರಿಯವನಿಗಿಂತ 85 ಹೆಚ್ಚು. ಅದನ್ನು ಚಂದ್ರನ ಬಾಬ್ತಿಗೆ ಬರೆದೆ.

ಮರುದಿನ ಸಂಜೆ ಆ ಅತ್ತೆ ಹಾಲಿನ ಲೋಟ ಹಿಡಿದು ಬಂದು ಸರಿಯಾಗಿ ಚಂದ್ರನ ಕೆಳಗೇ ನಿಂತಳು. ತಲೆಯ ಹಿಂದೆ ಪ್ರಭಾವಳಿ. ಸಾಕ್ಷಾತ್ ಅನ್ನಪೂರ್ಣೇಶ್ವರಿ.

“ಅಮ್ಮಾ, ಭಾನುವಾರ ಮತ್ತೆ ಬಿಚ್ಚಿ ಆ ಲೆನ್ಸ್ ಅಂಟಿಸ್ತೀನಿ.”

“ಬೇಡಪ್ಪ” ಅಂದಳು ಅಮ್ಮ. ಹೊಲಿಗೆ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು, ಮುಚ್ಚಳ ಭದ್ರ ಮಾಡಿ, ಕಣ್ಣು ಮುಚ್ಚಿ, ಸೀರಿಯಲ್ ಕೇಳತೊಡಗಿದಳು.