ಗುಂಯ್ ನಿವಾರಣಾ ಸಾಮಗ್ರಿ: ಬಳಕೆದಾರರ ಕೈಪಿಡಿ

ಡಬ್ಬಿ ಬಿಚ್ಚುವ ಮುನ್ನ

ಮಾನ್ಯ ಡ್ರಮ್ ವಾದಕರೇ, ತಾವು ಕೊಂಡಿರುವುದು ಬೆಂಕಿಪೊಟ್ಟಣದಷ್ಟೂ ಅಗಲವಿಲ್ಲದ, ಜಿಗುಟಾದ, ನೀಲಿ ಬಣ್ಣದ ಒಂದು ಜೆಲ್ ತುಂಡು. ಅಥವಾ ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ಕೊಳ್ಳಲೋ ಬೇಡವೋ ಎಂದು ಇನ್ನೂ ತೂಗಿ ನೋಡುತ್ತಿದ್ದೀರಿ. ಮೂನ್‌ಜೆಲ್ ಎಂಬ ಹೆಸರಿನದಾದರೆ ಡಬ್ಬಿಯಲ್ಲಿ ಇಂಥವು ಆರು ಇರುತ್ತವೆ. ಸ್ನೇರ್ ಡ್ರಮ್ಮಿನ ಮೇಲೆ ಒಂದನ್ನು ಅಂಟಿಸಿದರೆ, ಪೆಟ್ಟು ಮುಗಿದ ಮೇಲೂ ಎಳೆದುಕೊಂಡು ಹೋಗುವ ಗುಂಯ್ ಎಂಬ ಸದ್ದು ಅಡಗುತ್ತದೆ. ಕೆಲಸ ಇಷ್ಟೇ. ಆದರೆ ಅದನ್ನು ಎಲ್ಲಿ ಅಂಟಿಸಬೇಕು, ಎಷ್ಟು ಅಂಟಿಸಬೇಕು, ಅಸಲಿಗೆ ಅಂಟಿಸಲೇಬೇಕೇ ಎಂಬುದನ್ನು ಡಬ್ಬಿಯ ಮೇಲೆ ಯಾರೂ ಅಚ್ಚು ಹಾಕಿಸಿಲ್ಲ. ಕೈಪಿಡಿಯ ಅಗತ್ಯ ಬಿದ್ದದ್ದು ಅದಕ್ಕೇ.

ಮೊದಲ ಹಂತ: ಎದ್ದು ನಿಲ್ಲತಕ್ಕದ್ದು

ಸಾಮಗ್ರಿಯನ್ನು ಡಬ್ಬಿಯಲ್ಲೇ ಬಿಡಿ. ಸ್ಟೂಲಿನಿಂದ ಎದ್ದು, ಕೋಲುಗಳನ್ನು ಬೇಸ್ ಗಿಟಾರಿನವನ ಕೈಗೆ ಕೊಟ್ಟು (ಡ್ರಮ್ ಬಾರಿಸುವ ಆಸೆ ಅವನಿಗೆ ಮೊದಲಿನಿಂದಲೂ ಇರುತ್ತದೆ), ಜಾಮ್ ರೂಮಿನ ಬಾಗಿಲ ಬಳಿ ಹೋಗಿ ಕೇಳತಕ್ಕದ್ದು. ಸ್ಟೂಲಿನ ಮೇಲೆ ಕಿವಿ ಕೊರೆಯುತ್ತಿದ್ದ ಗುಂಯ್ ಅಲ್ಲಿಗೆ ಬರುವಷ್ಟರಲ್ಲಿ ಅರ್ಧ ಕರಗಿರುತ್ತದೆ. ಈಗ ಗಿಟಾರು, ಕೀಬೋರ್ಡು, ಹಾಡುವವರು ಎಲ್ಲ ಸೇರಲಿ. ಗುಂಯ್ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ. ನಿಜ ಹೇಳಬೇಕೆಂದರೆ ಅದು ಎಲ್ಲೂ ಹೋಗಿಲ್ಲ. ಸ್ನೇರಿನ ಪೆಟ್ಟು ಗಿಟಾರಿನ ಗದ್ದಲವನ್ನು ಸೀಳಿಕೊಂಡು ಬಾಗಿಲ ತನಕ ಬಂದದ್ದು ಅದರ ಹೆಗಲ ಮೇಲೇ ಕೂತು. ಅದನ್ನು ಪೂರ್ತಿ ಅಡಗಿಸಿ ಇನ್ನೊಮ್ಮೆ ಬಾಗಿಲಿಗೆ ಹೋಗಿ ನೋಡಿ: ಕೂತವರಿಗೆ ಗಟ್ಟಿಯಾಗಿ, ಠೀವಿಯಾಗಿ ಕೇಳುತ್ತಿದ್ದ ಡ್ರಮ್ಮು ನಿಂತವರಿಗೆ ರಟ್ಟಿನ ಪೆಟ್ಟಿಗೆ ತಟ್ಟಿದಂತೆ ಕೇಳುತ್ತದೆ.

ಗುಂಯ್ ಬಗ್ಗೆ ದೂರುವವರಲ್ಲಿ ಮುಕ್ಕಾಲು ಪಾಲು ಅದರ ಪಕ್ಕದಲ್ಲೇ ಕೂತವರು ಎಂಬುದು ಈ ಕೈಪಿಡಿಯ ಖಚಿತ ಅಭಿಪ್ರಾಯ. ಒಂದು ವಿನಾಯಿತಿ ಉಂಟು. ಮೈಕನ್ನು ಡ್ರಮ್ಮಿನ ಹೊದಿಕೆಯಿಂದ ಎರಡು ಬೆರಳು ದೂರ ನಿಲ್ಲಿಸಿದರೆ ಅದು ತಮಗಿಂತಲೂ ಹತ್ತಿರ ಕೂತ ಕೇಳುಗ. ಅದಕ್ಕೆ ಬಾಗಿಲ ಬಳಿಯ ಸುಖ ತಿಳಿಯದು. ಹಾಗಾಗಿ ಸ್ಟುಡಿಯೋದಲ್ಲಿ ನ್ಯಾಯವಾದದ್ದು ಗಣೇಶೋತ್ಸವದ ಆರ್ಕೆಸ್ಟ್ರಾ ವೇದಿಕೆಯಲ್ಲಿ ಅನ್ಯಾಯವಾಗಬಹುದು.

ಎರಡನೆಯ ಹಂತ: ಡ್ರಮ್ ಕೀ ಎಲ್ಲಿದೆ?

ಡಬ್ಬಿಯೊಳಗೆ ಇರುವುದಿಲ್ಲ, ಹುಡುಕಬೇಡಿ. ಅದು ತಮ್ಮ ಹತ್ತಿರ ಇದೆ. ಹಾರ್ಡ್‌ವೇರ್ ಬ್ಯಾಗಿನ ತಳದಲ್ಲಿ, ಮುರಿದ ಕೋಲು, ಸತ್ತ ಬ್ಯಾಟರಿಗಳ ನಡುವೆ. ಸ್ನೇರಿನ ಬಳೆಯ ಸುತ್ತ ಸಾಮಾನ್ಯವಾಗಿ ಎಂಟೋ ಹತ್ತೋ ಸ್ಕ್ರೂಗಳಿರುತ್ತವೆ. ಹೊದಿಕೆಯ ನಡುವೆ ಒಂದು ಬೆರಳನ್ನು ಹಗುರವಾಗಿ ಇಟ್ಟು, ಪ್ರತಿ ಸ್ಕ್ರೂ ಎದುರಿಗೆ ಅಂಚಿನಿಂದ ಒಂದು ಇಂಚು ಒಳಗೆ ಕೋಲಿನ ತುದಿಯಿಂದ ತಟ್ಟಿ. ಒಂದು ಕಡೆ ಟಿಂ, ಇನ್ನೊಂದು ಕಡೆ ಟೊಂ ಎಂದರೆ ತಮ್ಮ ಸಮಸ್ಯೆ ಗುಂಯ್ ಅಲ್ಲ, ಶ್ರುತಿ. ಕೀಯಿಂದ ಸ್ಕ್ರೂ ಬಿಗಿಯುವಾಗ ಒಂದನ್ನು ತಿರುಗಿಸಿದ ಮೇಲೆ ಅದರ ಎದುರಿನದನ್ನು ತಿರುಗಿಸಬೇಕು. ಸಾಲಾಗಿ ಸುತ್ತು ಬರಬಾರದು. ಹೊದಿಕೆಯ ನಡುವೆ ಗುಳಿ ಬಿದ್ದಿದ್ದರೆ ಶ್ರುತಿಯೂ ನಿಲ್ಲದು, ಜೆಲ್ಲೂ ಉಳಿಸದು. ಹೊಸದು ತನ್ನಿ.

ಈ ಹಂತದಲ್ಲಿ ಅನೇಕ ಗ್ರಾಹಕರು ಕೈಪಿಡಿಯನ್ನು ಮಡಚಿಟ್ಟು ನೇರವಾಗಿ ಜೆಲ್ ಅಂಟಿಸುತ್ತಾರೆ. ನಮಗೆ ಗೊತ್ತಿದೆ. ಶ್ರುತಿ ಮಾಡಲು ಅರ್ಧ ಗಂಟೆ ಬೇಕು, ಅಂಟಿಸಲು ಒಂದು ಕ್ಷಣ ಸಾಕು. ಈ ಉದ್ಯಮ ನಿಂತಿರುವುದು ಆ ಅರ್ಧ ಗಂಟೆಯ ಮೇಲೆಯೇ.

ಗುಂಯ್ ಎಲ್ಲಿಂದ ಬರುತ್ತದೆ (ಅವಸರದಲ್ಲಿರುವವರು ದಾಟಿ ಹೋಗಬಹುದು)

ದುಂಡಗಿನ ಬಿಗಿದ ಹೊದಿಕೆ ಒಂದೇ ಬಗೆಯಲ್ಲಿ ನಡುಗುವುದಿಲ್ಲ. ಇಡೀ ಹೊದಿಕೆ ಒಟ್ಟಿಗೆ ಉಬ್ಬಿ ತಗ್ಗುವುದು ಮೂಲ ಕಂಪನ. ಅದರ ಜೊತೆಗೇ ಒಂದರ್ಧ ಮೇಲೆದ್ದಾಗ ಇನ್ನೊಂದರ್ಧ ಕೆಳಗಿಳಿಯುವ ಕಂಪನವೂ ನಡೆದಿರುತ್ತದೆ. ಆದರ್ಶ ಹೊದಿಕೆಯ ಲೆಕ್ಕದಲ್ಲಿ ಇದರ ಆವೃತ್ತಿ ಮೂಲದ 1.59ರಷ್ಟು. ಮುಂದಿನವು 2.14, 2.30, 2.65. ವೀಣೆಯ ತಂತಿಯಲ್ಲಾಗಿದ್ದರೆ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂದು ಶಿಸ್ತಾಗಿ ಬಂದು ಒಂದೇ ಸ್ವರವಾಗಿ ಕೂಡಿಕೊಳ್ಳುತ್ತಿದ್ದವು. ಇಲ್ಲಿ ಒಂದಕ್ಕೊಂದು ಹೊಂದದ ಭಿನ್ನರಾಶಿಗಳೆಲ್ಲ ಗುಂಪುಗೂಡಿ ಕೂಗುತ್ತವೆ.

ಈ ಗುಂಪನ್ನು ಪಳಗಿಸುವ ಉಪಾಯ ನಮ್ಮ ಮೃದಂಗದಲ್ಲಿ ಬಹಳ ಹಿಂದೆಯೇ ಆಗಿದೆ. ಬಲಮುಚ್ಚಿಗೆಯ ನಡುವಿನ ಕಪ್ಪು ಕರಣೆ, ಕಿಟ್ಟದ ಪುಡಿಯನ್ನು ಅನ್ನದೊಂದಿಗೆ ಅರೆದು ಪದರ ಪದರವಾಗಿ ತೀಡಿ ಕೂರಿಸಿದ ಆ ತೂಕ, ಸದ್ದನ್ನು ಅಡಗಿಸುವುದಿಲ್ಲ. ಅಡ್ಡಾದಿಡ್ಡಿ ಕಂಪನಗಳನ್ನು ಪೂರ್ಣಾಂಕಗಳ ಸಾಲಿಗೆ ತರುತ್ತದೆ. ಸಿ.ವಿ. ರಾಮನ್ ಅವರು ಶಿವಕಾಳಿ ಕುಮಾರ್ ಜೊತೆ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಬರೆದರು. ಮುಂದೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದಾಗ, 1934ರಲ್ಲಿ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿಸ್ತರಿಸಿ ಬರೆದರು. ಎಡಮುಚ್ಚಿಗೆಗೆ ಕಛೇರಿಗೆ ಮುನ್ನ ರವೆ ಕಲಸಿ ಮೆತ್ತುವುದನ್ನು ತಾವು ನೋಡಿಯೇ ಇರುತ್ತೀರಿ. ಅದೂ ತೂಕವೇ, ಶ್ರುತಿ ಇಳಿಸಿ ಗುಮ್ಕಿ ಎಂಬ ಮಂದ್ರ ನಾದಕ್ಕೆ ದಾರಿ ಮಾಡುತ್ತದೆ.

ಎಚ್ಚರಿಕೆ: ಮೇಲಿನ ಪ್ಯಾರಾ ಓದಿ ಸ್ಫೂರ್ತಿಗೊಂಡು ಜೆಲ್ ತುಂಡನ್ನು ಸ್ನೇರಿನ ನಟ್ಟನಡುವೆ ಅಂಟಿಸಬಾರದು. ಕರಣೆಯನ್ನು ಯಾರೂ ಕೋಲಿನಿಂದ ಹೊಡೆಯುವುದಿಲ್ಲ.

ಅಂಟಿಸುವ ಕ್ರಮ

ಬಳೆಗೆ ತೀರ ಒತ್ತಿ ಅಂಟಿಸಿದರೆ ಪ್ರಯೋಜನ ಕಡಿಮೆ. ಅಲ್ಲಿ ಹೊದಿಕೆ ಅಲುಗುವುದೇ ಇಲ್ಲ. ಒಂದೆರಡು ಬೆರಳು ಒಳಗೆ ತಂದರೆ ಮೇಲಿನ ಕಂಪನಗಳು ಸಿಕ್ಕಿಬೀಳುತ್ತವೆ, ಮೂಲ ಕಂಪನ ಬಹುಪಾಲು ಪಾರಾಗುತ್ತದೆ. ಇನ್ನೂ ಒಳಗೆ ತಂದಷ್ಟೂ ಡ್ರಮ್ಮಿನ ಪ್ರಾಣವೂ ಹೋಗುತ್ತದೆ. ತಮಗೆ ಬೇಕಾದ ಜಾಗ ಈ ಎರಡರ ನಡುವೆ ಎಲ್ಲೋ ಇದೆ. ಒಂದು ತುಂಡನ್ನು ಇಟ್ಟು, ಬಾರಿಸಿ, ಸರಿಸಿ, ಮತ್ತೆ ಬಾರಿಸಿ. ಸಾಲದಿದ್ದರೆ ಎರಡನೆಯದು. ಮೂರನೆಯದಕ್ಕೆ ಕೈ ಹಾಕಿದಿರೋ, ಎರಡನೆಯ ಹಂತಕ್ಕೆ ಹಿಂತಿರುಗತಕ್ಕದ್ದು. ತುಂಡನ್ನು ಅರ್ಧಕ್ಕೆ ಕತ್ತರಿಸಲೂ ಬಹುದು. ಆರು ತುಂಡಿಗೆ ಹಣ ಕೊಟ್ಟಿದ್ದೇವೆ, ಆರನ್ನೂ ಅಂಟಿಸಿಯೇ ತೀರುತ್ತೇವೆ ಎನ್ನುವವರಿಗೆ ನಮ್ಮಲ್ಲಿ ಔಷಧಿ ಇಲ್ಲ.

ಪರ್ಯಾಯ ಸಾಮಗ್ರಿಗಳು

ಈ ಅಧ್ಯಾಯ ಕಂಪನಿಯ ಹಿತಕ್ಕೆ ವಿರುದ್ಧ. ಆದರೂ ಬರೆಯದೆ ವಿಧಿಯಿಲ್ಲ. ಗುಂಯ್ ನಿವಾರಣೆಯ ಇತಿಹಾಸದ ಬಹುಪಾಲು ಅಂಗಡಿಯ ಹೊರಗೇ ನಡೆದಿದೆ.

ಕರುವಿನ ಚರ್ಮದ ಹೊದಿಕೆ ಇದ್ದ ಕಾಲದಲ್ಲಿ ಮಳೆ ಬಂದರೆ ಸಡಿಲ, ಬಿಸಿಲು ಬಂದರೆ ಬಿಗಿ. ಚಿಂತೆ ಬೇರೆಯೇ ಇತ್ತು. 1957ರಲ್ಲಿ ರೆಮೋ ಬೆಲ್ಲಿ ಮೈಲಾರ್ ಪ್ಲಾಸ್ಟಿಕ್ಕಿನ ಹೊದಿಕೆಗಳ ಕಂಪನಿ ಕಟ್ಟಿದರು. ಹವಾಮಾನದ ಕಾಟ ಹೋಯಿತು, ಜೋರಾದ ಗುಂಯ್ ಬಂತು. ಅದೇ ಕಾಲಕ್ಕೆ ಮೈಕುಗಳೂ ಡ್ರಮ್ಮಿನ ಹತ್ತಿರ ಹತ್ತಿರ ಸರಿಯತೊಡಗಿದ್ದವು. 1966ರಲ್ಲಿ ಬೀಟಲ್ಸ್ ತಂಡದ ರಿವಾಲ್ವರ್ ಧ್ವನಿಮುದ್ರಣಕ್ಕೆ ಕೂತಾಗ ಇಪ್ಪತ್ತರ ಹರೆಯದ ಎಂಜಿನಿಯರ್ ಜೆಫ್ ಎಮೆರಿಕ್, ಮೈಕನ್ನು ಅಷ್ಟು ಹತ್ತಿರ ಇಡಬಾರದೆಂಬ ಇಎಂಐ ಕಂಪನಿಯ ಕಟ್ಟಳೆ ಮೀರಿ ಬೇಸ್ ಡ್ರಮ್ಮಿನ ಮುಂದೆಯೇ ಇಟ್ಟರು. ಒಳಗೆ ಒಂದು ಉಣ್ಣೆಯ ಸ್ವೆಟರು ತುರುಕಿದರು. ಸ್ವೆಟರಿಗೆ ನಾಲ್ಕು ಕತ್ತುಗಳಿದ್ದವು, ನಾಲ್ವರಿಗೂ ಸೇರಿ ಹೆಣೆದದ್ದು. ತಮ್ಮ ಮನೆಯಲ್ಲಿ ನಾಲ್ಕು ಕತ್ತಿನ ಸ್ವೆಟರು ಇಲ್ಲದಿದ್ದರೆ ದಿಂಬು ಸಾಕು. ಅದು ಪೆಡಲ್ ಬಡಿಯುವ ಹೊದಿಕೆಗೆ ಒಳಗಿನಿಂದ ತಾಗಿಯೂ ತಾಗದಂತಿರಲಿ. ಮಲಗುವ ಹೊತ್ತಿಗೆ "ಏನೋ, ನನ್ನ ದಿಂಬೆಲ್ಲೋ?" ಎಂಬ ಪ್ರಶ್ನೆ ಎದುರಾಗುವುದು ಖಚಿತ. ಉತ್ತರವನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ.

ಆ ದಶಕದ ಕೊನೆಯ ಧ್ವನಿಮುದ್ರಣಗಳಲ್ಲಿ ರಿಂಗೋ ಸ್ಟಾರ್ ಡ್ರಮ್ಮುಗಳ ಮೇಲೆ ಹೊದಿಸುತ್ತಿದ್ದುದು ಅಡುಗೆಮನೆಯ ಪಾತ್ರೆ ಒರೆಸುವ ಬಟ್ಟೆ. ಆ ಮೆತ್ತನೆಯ, ಮಂದ್ರದ ಧಬ್ ಧಬ್ ಸದ್ದಿಗೆ ಮನಸೋತು ಇವತ್ತಿಗೂ ಜನ ದುಬಾರಿ ಸಾಮಗ್ರಿ ಹುಡುಕುತ್ತಾರೆ. ತೊಳೆದ ಕಾಟನ್ ಬಟ್ಟೆಯಾದರೆ ಉತ್ತಮ. ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ ನಿಷಿದ್ಧ. ಎಣ್ಣೆ ಹೊದಿಕೆಗೆ ಹತ್ತುತ್ತದೆ, ಬೈಗುಳ ತಮಗೆ ಹತ್ತುತ್ತದೆ.

ಪರ್ಸನ್ನು ಸ್ನೇರಿನ ಮೇಲಿಡುವುದು ವೃತ್ತಿಪರರ ಹಳೆಯ ಅಭ್ಯಾಸ. ಇದರ ಒಂದು ದೋಷವೆಂದರೆ ತಿಂಗಳ ಮೊದಲ ವಾರದ ನಾದವೇ ಬೇರೆ, ಕೊನೆಯ ವಾರದ್ದೇ ಬೇರೆ. ಯುಪಿಐ ಬಂದ ಮೇಲಂತೂ ಪರ್ಸುಗಳು ವರ್ಷವಿಡೀ ಒಂದೇ ತೆಳುವಿನಲ್ಲಿದ್ದು ಗುಂಯ್ ತಡೆಯುವ ಶಕ್ತಿಯನ್ನೇ ಕಳೆದುಕೊಂಡಿವೆ.

ಟೇಪು ಅಂಟಿಸುವುದಾದರೆ ಗ್ಯಾಫರ್ ಟೇಪೆಂಬ ಬಟ್ಟೆ ಟೇಪೇ ಆಗಲಿ. ಪಾರ್ಸೆಲ್ಲಿಗೆ ಸುತ್ತುವ ಕಂದು ಟೇಪು ಕಿತ್ತಮೇಲೂ ತನ್ನ ಅಂಟನ್ನು ಬಿಟ್ಟುಹೋಗುತ್ತದೆ, ಅದರ ಮೇಲೆ ಬೆಂಗಳೂರಿನ ಧೂಳು ಶಾಶ್ವತವಾಗಿ ನೆಲೆಸುತ್ತದೆ. ಟೇಪನ್ನು ಸಪಾಟಾಗಿ ಒತ್ತದೆ ನಡುವೆ ಗೋಪುರದಂತೆ ಮಡಿಕೆ ಎಬ್ಬಿಸಬೇಕು.

ಹಳೆಯ ಹೊದಿಕೆಯನ್ನು ಎಸೆಯಬೇಡಿ. ಅದರ ಅಂಚಿನ ಭಾಗದಿಂದ ಒಂದು ಇಂಚು ಅಗಲದ ಉಂಗುರ ಕತ್ತರಿಸಿ, ಬಳೆಯೊಳಗೆ ಸರಿಯಾಗಿ ಕೂರುವಂತೆ ಸವರಿ, ಹೊಸ ಹೊದಿಕೆಯ ಮೇಲೆ ಇಟ್ಟರೆ ಆಯಿತು. ಅಂಗಡಿಯಲ್ಲಿ ಮಾರುವ ಉಂಗುರವೂ ಬಹುಮಟ್ಟಿಗೆ ಇದೇ. ಆದರೆ ಇದು ಸುತ್ತಲೂ ಒಂದೇ ಸಮನೆ ಅಡಗಿಸುವುದರಿಂದ ಅರೆಬರೆ ಕೆಲಸ ಇದರ ಕೈಲಾಗದು. ಹಾಕಿದರೆ ಹಾಕಿದಂತೆ, ತೆಗೆದರೆ ತೆಗೆದಂತೆ.

ಇವೆಲ್ಲಕ್ಕಿಂತ ಜಾಣತನದ್ದು ಹತ್ತಿಯ ಉಂಡೆ. ಫ್ಲೋರ್ ಟಾಮಿನ ಮೇಲಿನ ಹೊದಿಕೆ ಬಿಚ್ಚಿ, ದೀಪದ ಬತ್ತಿಗೆ ತಂದಿಟ್ಟ ಹತ್ತಿಯಲ್ಲೇ ನಾಲ್ಕೈದು ಉಂಡೆ ಮಾಡಿ ಒಳಗೆ ಹಾಕಿ ಮುಚ್ಚಬೇಕು. ಪೆಟ್ಟು ಬಿದ್ದಾಗ ಉಂಡೆಗಳು ಕೆಳಹೊದಿಕೆಯಿಂದ ಎಗರುತ್ತವೆ, ನಾದ ಬಿಚ್ಚಿಕೊಳ್ಳುತ್ತದೆ. ಮರಳಿ ಬಂದು ಕೂತಾಗ ಬಾಲ ಮುಚ್ಚಿಕೊಳ್ಳುತ್ತದೆ. ಪೆಟ್ಟಿಗೆ ಅಡ್ಡ ಬರದೆ ಬಾಲವನ್ನಷ್ಟೇ ಹಿಡಿಯುವ ಸಾಮಗ್ರಿ ಈ ಪಟ್ಟಿಯಲ್ಲಿ ಇದೊಂದೇ. ದುರದೃಷ್ಟಕ್ಕೆ ಅದು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ನಮ್ಮಲ್ಲಿ ಸಿಗುವುದಿಲ್ಲ.

ಏನನ್ನೂ ಹಚ್ಚದವರ ಪಂಥವೂ ಉಂಟು. ಲೆಡ್ ಜೆಪೆಲಿನ್ ತಂಡದ 1971ರ ಆಲ್ಬಮ್ಮಿಗಾಗಿ ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯ ಹಜಾರದಲ್ಲಿ ಜಾನ್ ಬೊನಮ್ ಅವರ ಡ್ರಮ್ಮುಗಳನ್ನಿಟ್ಟು, ಮೈಕುಗಳನ್ನು ಮೆಟ್ಟಿಲ ಮೇಲಿನಿಂದ ಇಳಿಬಿಟ್ಟು ಒಂದು ಹಾಡು ಮುದ್ರಿಸಿದರು. ಅಲ್ಲಿ ಗುಂಯ್, ಗೋಡೆ, ಮೆಟ್ಟಿಲು ಯಾವುದು ಎಲ್ಲಿ ಮುಗಿಯುತ್ತದೆಂದು ಹೇಳಲಾಗದು. ಬಾಡಿಗೆಯ ಜಾಮ್ ರೂಮಿನಲ್ಲಿ ಇದನ್ನು ಪ್ರಯತ್ನಿಸುವವರು ಮೊದಲು ಅಷ್ಟೆತ್ತರದ ಹಜಾರವನ್ನು ಹೊಂದಿಸಿಕೊಳ್ಳತಕ್ಕದ್ದು.

ದೋಷ ಮತ್ತು ಪರಿಹಾರ

ಟಾಮ್ ಹೊಡೆದರೆ ಸ್ನೇರು ಝರ್ ಎನ್ನುತ್ತದೆ. ಇದು ಗುಂಯ್ ಅಲ್ಲ, ಸ್ನೇರಿನ ಕೆಳಗಿನ ತಂತಿಗಳು ನೆರೆಯವರ ಮಾತಿಗೆ ತಲೆದೂಗುತ್ತಿವೆ. ಟಾಮಿನ ಅಥವಾ ಸ್ನೇರಿನ ಶ್ರುತಿಯನ್ನು ಕೊಂಚ ಬದಲಿಸಿ. ಮೇಲೆ ಎಷ್ಟು ಜೆಲ್ ಹಚ್ಚಿದರೂ ತಂತಿಗೆ ಗೊತ್ತಾಗದು.

ಜೆಲ್ ಕೆಳಗೆ ಬೀಳುತ್ತದೆ. ಧೂಳು ಹಿಡಿದಿದೆ. ಸೋಪು ನೀರಿನಲ್ಲಿ ತೊಳೆದು ಗಾಳಿಗೆ ಒಣಗಿಸಿದರೆ ಜಿಗುಟು ಮರಳುತ್ತದೆ. ಬಟ್ಟೆಯಿಂದ ಒರೆಸಿದರೆ ಜುಂಜು ಹತ್ತಿ ಮೀಸೆ ಬರುತ್ತದೆ.

ಎಲ್ಲ ಮಾಡಿದರೂ ಗುಂಯ್ ಹೋಗುತ್ತಿಲ್ಲ. ಒಂದೊಂದಾಗಿ ಎಲ್ಲ ಡ್ರಮ್ಮುಗಳ ಮೇಲೂ ಅಂಗೈ ಇಟ್ಟು ನೋಡಿ. ಆಗಲೂ ಇದ್ದರೆ ಅದು ಹೈ ಹ್ಯಾಟ್ ಸ್ಟ್ಯಾಂಡಿನ ಸಡಿಲ ನಟ್ಟು, ಕಿಟಕಿಯ ಗಾಜು, ಇಲ್ಲವೇ ಟ್ಯೂಬ್‌ಲೈಟಿನ ಚೋಕು.

ಪಕ್ಕದ ಮನೆಯವರು ಬಾಗಿಲು ತಟ್ಟುತ್ತಿದ್ದಾರೆ. ಈ ಸಾಮಗ್ರಿ ಪೆಟ್ಟಿನ ಬಾಲವನ್ನು ಮಾತ್ರ ಮೊಟಕುಗೊಳಿಸುತ್ತದೆ. ಪಕ್ಕದ ಮನೆಯವರ ದೂರು ಪೆಟ್ಟಿನ ತಲೆಯ ಬಗ್ಗೆ. ಅವರಿಗೆ ನೀಲಿ ತುಂಡು ತೋರಿಸಿ ಸಮಾಧಾನ ಹೇಳಲು ಹೋದ ಗ್ರಾಹಕರಿಗೆ ಆದದ್ದಕ್ಕೆ ಕಂಪನಿ ಹೊಣೆಯಲ್ಲ.

ಸಂಗ್ರಹಣೆ

ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಡಬಾರದು, ಮೆತ್ತಗಾಗುತ್ತದೆ. ಹೊದಿಕೆಯ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ಗುರುತು ಉಳಿಯಬಹುದು. ಬಾರಿಸಿದ ಮೇಲೆ ಡಬ್ಬಿಗೆ ಹಾಕಿ. ನೋಡಲು ಜೆಲ್ಲಿ ಮಿಠಾಯಿಯ ಹಾಗಿರುವುದರಿಂದ ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು. ಕಾಲಕ್ರಮದಲ್ಲಿ ಆರು ತುಂಡುಗಳು ನಾಲ್ಕಾಗುವುದು ಸಹಜ. ಉಳಿದೆರಡು ಸಾಮಾನ್ಯವಾಗಿ ಪಕ್ಕದ ಬ್ಯಾಂಡಿನ ಡ್ರಮ್ಮಿನ ಮೇಲೆ ಪತ್ತೆಯಾಗುತ್ತವೆ. ಅವು ಅಲ್ಲೇ ಇರಲಿ. ತಮಗೆ ಬೇಕಾದದ್ದು ಒಂದೇ.